ಮೂಳೆಗೆ ಹವಳದ ಆಸರೆ



ಹವಳ ಅಂದ ಕೂಡಲೇ ನಮಗೆ ನೆನಪಾಗುವುದು ಏನು? ತಾಳಿ ಸರದ ಕರಿಮಣಿ. ಅದರ ನಡುವೆ ಪೋಣಿಸಿದ ಕೆಂಪು ಹವಳ. ನಮ್ಮಲ್ಲಿ ಎಷ್ಟೋ ಜನರ ಕೊರಳಲ್ಲಿ ಅದು ಇದ್ದೇ ಇದೆ.

ಮೂಳೆ ಅಂದ ಕೂಡಲೇ ನೆನಪಾಗುವುದು ಏನು? ಸೊಂಟ ನೋವು, ಮಂಡಿ ನೋವು. ಜಾರಿ ಬಿದ್ದು ಮುರಿದ ಕಾಲು. ಆಸ್ಪತ್ರೆ, ಖರ್ಚು, ಚಿಂತೆ.

ಹವಳಕ್ಕೂ ಮೂಳೆಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಮೂಳೆಯಲ್ಲಿ ಗುಂಡಿ ಬಿದ್ದಾಗ ಆ ಜಾಗಕ್ಕೆ ಕಡಲಿನ ಹವಳದ ತುಂಡು ಇಟ್ಟು ಆಪರೇಷನ್ ಮಾಡಿದ್ದಾರೆ. ಇದು ಕಟ್ಟುಕಥೆ ಅಲ್ಲ. 1979ರಿಂದ ಮನುಷ್ಯರಿಗೆ ಹೀಗೆ ಮಾಡಿದ್ದಾರೆ.

ಇದನ್ನು ನಾವು ಯಾಕೆ ತಿಳಿಯಬೇಕು? ಯಾಕಂದ್ರೆ ಮೈ ನಮ್ಮದು, ಮೂಳೆ ನಮ್ಮದು. ಅದರೊಳಗೆ ಏನು ಇಡ್ತಾರೆ ಅಂತ ಕೇಳುವ ಹಕ್ಕೂ ನಮ್ಮದೇ. ಕೇಳಬೇಕು ಅಂದರೆ ಸ್ವಲ್ಪ ತಿಳಿದಿರಬೇಕು. ಬನ್ನಿ, ಮೊದಲು ಮೂಳೆಯನ್ನೇ ನೋಡೋಣ.

ಮೂಳೆಗೂ ಜೀವ ಇದೆ

ದೊಡ್ಡವರ ಮೈಯಲ್ಲಿ 206 ಮೂಳೆಗಳಿವೆ. ಕೆಲವು ಕಡೆ ಮೂಳೆಗೆ ಎಲುಬು ಅಂತಲೂ ಅಂತಾರೆ. ಮೂಳೆ ಒಣಗಿದ ಕಟ್ಟಿಗೆ ಹಾಗೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಮೂಳೆಯೊಳಗೆ ರಕ್ತ ಹರಿಯುತ್ತದೆ. ಅದು ಬೆಳೆಯುತ್ತದೆ, ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ.

ಮೂಳೆಯ ಹೊರಭಾಗ ಗಟ್ಟಿ. ಒಳಭಾಗ, ಅದರಲ್ಲೂ ಕೀಲಿನ ಹತ್ತಿರ, ತೂತು ತೂತು. ಸೆಟ್ ದೋಸೆಯನ್ನು ಮುರಿದು ನೋಡಿ. ಒಳಗೆ ಸಣ್ಣ ಸಣ್ಣ ತೂತು ಕಾಣುತ್ತವೆ ಅಲ್ವಾ? ಮೂಳೆಯ ಒಳಗೂ ಹಾಗೇ ಇರುತ್ತದೆ. ಆದರೆ ಗಟ್ಟಿಯಾಗಿ ಇರುತ್ತದೆ.

ಮೂಳೆಯಲ್ಲಿ ಎರಡು ಬಗೆಯ ಕೆಲಸಗಾರರು ಇದ್ದಾರೆ ಅಂತ ತಿಳಿಯೋಣ. ಅವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕಣಗಳು. ಒಂದು ಗುಂಪು ಹಳೇ ಗೋಡೆ ಕೆಡವುತ್ತದೆ. ಇನ್ನೊಂದು ಗುಂಪು ಹೊಸ ಗೋಡೆ ಕಟ್ಟುತ್ತದೆ. ಈ ಕೆಲಸ ಹಗಲು ರಾತ್ರಿ ನಡೆಯುತ್ತಲೇ ಇರುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಮೂಳೆ ಹೊಸದಾಗುತ್ತದೆ.

ಅದಕ್ಕೇ ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಮೆತ್ತನೆಯ ಗಂಟು ಬೆಳೆಯುತ್ತದೆ. ಅದು ನಿಧಾನವಾಗಿ ಗಟ್ಟಿ ಮೂಳೆಯಾಗುತ್ತದೆ. ಡಾಕ್ಟರು ಹಾಕುವ ಪ್ಲಾಸ್ಟರ್ ಮೂಳೆಯನ್ನು ಅಂಟಿಸುವುದಿಲ್ಲ. ಮೂಳೆ ಸರಿಯಾದ ಜಾಗದಲ್ಲಿ ಅಲುಗದೆ ಇರಲಿ ಅಂತ ಹಿಡಿದುಕೊಳ್ಳುತ್ತದೆ, ಅಷ್ಟೆ. ಕೂಡಿಸುವ ಕೆಲಸ ಮೂಳೆಯದೇ.

ಗುಂಡಿ ಬಿದ್ದರೆ ಏನು ಗತಿ?

ಎಲ್ಲ ಪೆಟ್ಟೂ ಒಂದೇ ಥರ ಇರುವುದಿಲ್ಲ. ಒಬ್ಬ ಹೆಣ್ಣುಮಗಳು ಹುಲ್ಲಿನ ಬಣವೆ ಮೇಲಿಂದ ಬಿದ್ದಳು ಅಂತ ಇಟ್ಟುಕೊಳ್ಳಿ. ಮೈ ಭಾರವೆಲ್ಲ ಮಂಡಿಯ ಮೇಲೆ ಬಿತ್ತು. ಮಂಡಿಯ ಕೆಳಗಿನ ಮೂಳೆ ಮುರಿಯುವುದರ ಜೊತೆಗೆ ಒಳಕ್ಕೆ ಕುಸಿಯಿತು. ಒಳಗಿನ ತೂತು ತೂತಾದ ಮೂಳೆ ಜಜ್ಜಿಹೋಯಿತು.

ಅಂಗಳದ ಕಲ್ಲು ಚಪ್ಪಡಿ ಕುಸಿದದ್ದನ್ನು ನಾವು ನೋಡಿದ್ದೇವೆ. ಚಪ್ಪಡಿಯನ್ನು ಮೇಲೆ ಎತ್ತಿ ಸಮ ಮಾಡಿದರೆ ಸಾಕೇ? ಸಾಲದು. ಅಡಿಯಲ್ಲಿ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಮಣ್ಣು, ಜಲ್ಲಿ ತುಂಬದಿದ್ದರೆ ಚಪ್ಪಡಿ ಮತ್ತೆ ಕುಸಿಯುತ್ತದೆ.

ಮಂಡಿಯದೂ ಅದೇ ಕಥೆ. ಡಾಕ್ಟರು ಕುಸಿದ ಮೂಳೆಯನ್ನು ಎತ್ತಿ ಸಮ ಮಾಡ್ತಾರೆ. ಅಡಿಯಲ್ಲಿ ಗುಂಡಿ ಉಳಿಯುತ್ತದೆ. ಅದನ್ನು ತುಂಬಬೇಕು. ಮೂಳೆಯೊಳಗಿನ ಗಡ್ಡೆ ತೆಗೆದಾಗಲೂ ಹೀಗೆ ಗುಂಡಿ ಉಳಿಯುತ್ತದೆ. ದವಡೆ ಮೂಳೆ ಸವೆದಾಗಲೂ ತುಂಬಬೇಕಾಗುತ್ತದೆ.

ಏನಿಂದ ತುಂಬುತ್ತಾರೆ?

ಮೊದಲ ದಾರಿ, ನಮ್ಮದೇ ಮೂಳೆ. ಸೊಂಟದ ಪಕ್ಕದ ಮೂಳೆಯಿಂದ ಸ್ವಲ್ಪ ತೆಗೆದು ಗುಂಡಿಗೆ ಹಾಕುತ್ತಾರೆ. ಇದು ಎಲ್ಲಕ್ಕಿಂತ ಒಳ್ಳೆಯದು. ಯಾಕಂದ್ರೆ ಅದರಲ್ಲಿ ಜೀವ ಇದೆ. ಮೈ ಅದನ್ನು ತನ್ನದು ಅಂತ ಒಪ್ಪುತ್ತದೆ. ಆದರೆ ಇದಕ್ಕೆ ಇನ್ನೊಂದು ಗಾಯ ಮಾಡಬೇಕು. ಸೊಂಟದ ನೋವು ಕೆಲವರಿಗೆ ಬಹಳ ದಿನ ಕಾಡುತ್ತದೆ. ಬೇಕಾದಷ್ಟು ಮೂಳೆ ಸಿಗುವುದೂ ಇಲ್ಲ. ಮಕ್ಕಳಿಗೆ, ಮುದುಕರಿಗೆ ಇನ್ನೂ ಕಷ್ಟ.

ಎರಡನೇ ದಾರಿ, ಬೇರೆಯವರು ದಾನ ಮಾಡಿದ ಮೂಳೆ. ಅದನ್ನು ಶುದ್ಧ ಮಾಡಿ ಇಡುವ ಬ್ಯಾಂಕುಗಳಿವೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ ಇಂತಹ ಬ್ಯಾಂಕು ಶುರುವಾಯಿತು. ಆದರೆ ದಾನ ಮಾಡುವವರು ಕಡಿಮೆ. ದಾನಿಯ ರೋಗ ಬರದಂತೆ ಪರೀಕ್ಷೆಯನ್ನೂ ಮಾಡಬೇಕು.

ಮೂರನೇ ದಾರಿ, ಮೂಳೆಯ ಹಾಗೇ ಇರುವ ಬೇರೆ ಪದಾರ್ಥ. ಇದನ್ನು ಹುಡುಕುವಾಗಲೇ ವಿಜ್ಞಾನಿಗಳ ಕಣ್ಣು ಹವಳದ ಮೇಲೆ ಬಿತ್ತು.

ಹವಳ ಅಂದರೆ ಕಲ್ಲೇ? ಗಿಡವೇ?

ಎರಡೂ ಅಲ್ಲ. ಹವಳ ಒಂದು ಪ್ರಾಣಿ. ಕಡಲಿನಲ್ಲಿ ಬಾಳುವ ಪುಟ್ಟ ಪ್ರಾಣಿ. ಅದರ ಮೈ ಮೆತ್ತಗೆ. ಬಾಯಿಯ ಸುತ್ತ ಎಳೆ ಎಳೆ ಬೆರಳುಗಳು. ಸಾವಿರಾರು ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡು ಊರು ಕಟ್ಟಿಕೊಂಡ ಹಾಗೆ ಬಾಳುತ್ತವೆ.

ಈ ಪ್ರಾಣಿ ಕಡಲ ನೀರಿನಿಂದ ಸುಣ್ಣದ ಅಂಶ ಎಳೆದುಕೊಳ್ಳುತ್ತದೆ. ತನ್ನ ಅಡಿಯಲ್ಲಿ ಸುಣ್ಣದ ಗೂಡು ಕಟ್ಟುತ್ತದೆ. ಪ್ರಾಣಿ ಸತ್ತರೂ ಗೂಡು ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಗೂಡು. ಹೀಗೆ ನೂರಾರು, ಸಾವಿರಾರು ವರ್ಷ ಬೆಳೆದು ಹವಳದ ದಿಬ್ಬಗಳಾಗುತ್ತವೆ. ಗುಂಡು ಬಂಡೆಯ ಹಾಗಿರುವ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ.

ಒಂದು ಮಾತು ನೆನಪಿರಲಿ. ನಮ್ಮ ತಾಳಿ ಸರದ ಕೆಂಪು ಹವಳ ಬೇರೆ ಜಾತಿ. ಅದು ಗಟ್ಟಿ. ಮೂಳೆಗೆ ಬಳಸುವುದು ದಿಬ್ಬ ಕಟ್ಟುವ ಹವಳ. ಅದರ ಗೂಡು ಬಿಳಿ, ಮೈತುಂಬ ತೂತು.

ಹೋಲಿಕೆ ಎಲ್ಲಿದೆ?

ಈ ತೂತುಗಳಲ್ಲೇ ಇದೆ ಗುಟ್ಟು. ಕೆಲವು ಜಾತಿಯ ಹವಳದ ತೂತು ಒಂದು ಮಿಲಿಮೀಟರ್‌ನ ಐದನೇ ಒಂದು ಪಾಲಿನಷ್ಟು ಅಗಲ. ಕೆಲವು ಜಾತಿಯಲ್ಲಿ ಅರ್ಧ ಮಿಲಿಮೀಟರ್‌ನಷ್ಟು. ನಮ್ಮ ಮೂಳೆಯ ಒಳಗಿನ ತೂತುಗಳೂ ಹೆಚ್ಚುಕಡಿಮೆ ಹೀಗೇ ಇವೆ. ತೂತಿನಿಂದ ತೂತಿಗೆ ದಾರಿಯೂ ಇದೆ. ಹಾಗಾಗಿ ರಕ್ತನಾಳಗಳು ಒಳಗೆ ನುಗ್ಗಬಹುದು. ಅವುಗಳ ಹಿಂದೆ ಮೂಳೆ ಕಟ್ಟುವ ಜೀವಕಣಗಳೂ ಹೋಗಬಹುದು.

ಪದಾರ್ಥ ಮಾತ್ರ ಪೂರ್ತಿ ಒಂದೇ ಅಲ್ಲ. ಹವಳದ ಗೂಡು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲೂ ಅದೇ. ಕೋಳಿ ಮೊಟ್ಟೆಯ ಚಿಪ್ಪೂ ಅದೇ. ನಮ್ಮ ಮೂಳೆಯಲ್ಲಿ ಇರುವುದು ಕ್ಯಾಲ್ಸಿಯಂ ಫಾಸ್ಫೇಟ್, ಜೊತೆಗೆ ನಾರಿನಂತಹ ಪ್ರೋಟೀನು. ಎರಡರಲ್ಲೂ ಕ್ಯಾಲ್ಸಿಯಂ ಇದೆ. ಜೊತೆಗಾರ ಬೇರೆ.

ಈ ಕೆಲಸ ಹೇಗೆ ಶುರುವಾಯಿತು?

1970ರ ನಂತರ ಅಮೆರಿಕದಲ್ಲಿ ವಿಜ್ಞಾನಿಗಳು ಹವಳದ ತೂತುಗಳನ್ನು ಗಮನಿಸಿದರು. ಪ್ರಾಣಿಗಳ ಮೂಳೆಯಲ್ಲಿಟ್ಟು ಪರೀಕ್ಷೆ ಮಾಡಿದರು.

1974ರಲ್ಲಿ ಡೆಲ್ಲಾ ರಾಯ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಹೊಸ ದಾರಿ ತೋರಿಸಿದರು. ಹವಳವನ್ನು ಫಾಸ್ಫೇಟ್ ಉಪ್ಪಿನ ಜೊತೆ ನೀರಿನಲ್ಲಿಟ್ಟು ಬಿಸಿ ಮಾಡಿದರು. ನಮ್ಮ ಪ್ರೆಷರ್ ಕುಕ್ಕರ್ ಇದೆಯಲ್ಲ, ಹಾಗೆ. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಒತ್ತಡ, ಹೆಚ್ಚು ಬಿಸಿ. ಆಗ ಹವಳದ ಪದಾರ್ಥ ಬದಲಾಗಿ ಮೂಳೆಯ ಪದಾರ್ಥದಂತೆ ಆಯಿತು. ತೂತುಗಳು ಮಾತ್ರ ಇದ್ದ ಹಾಗೇ ಉಳಿದವು.

ಫ್ರಾನ್ಸ್ ದೇಶದವರು ಬೇರೆ ದಾರಿ ಹಿಡಿದರು. ಹವಳದ ಪದಾರ್ಥವನ್ನು ಬದಲಿಸದೆ, ಶುದ್ಧ ಮಾಡಿ ಬಳಸಿದರು. 1979ರಲ್ಲಿ ಅಲ್ಲಿ ಮನುಷ್ಯರ ಮೂಳೆಗೆ ಹವಳ ಇಟ್ಟರು.

1992ರಲ್ಲಿ ಅಮೆರಿಕ ಸರ್ಕಾರ ಕುಕ್ಕರಿನಂತೆ ಬೇಯಿಸಿ ಬದಲಿಸಿದ ಹವಳಕ್ಕೆ ಒಪ್ಪಿಗೆ ಕೊಟ್ಟಿತು. ಯಾವುದಕ್ಕೆ ಗೊತ್ತಾ? ನಾವು ಹೇಳಿದೆವಲ್ಲ, ಮಂಡಿಯ ಕೆಳಗೆ ಕುಸಿದ ಮೂಳೆ, ಅಂತಹ ಗುಂಡಿ ತುಂಬಲಿಕ್ಕೆ. 2022ರಲ್ಲಿ ಅಲ್ಲಿನ ಸರ್ಕಾರ ಇನ್ನೊಂದಕ್ಕೂ ಒಪ್ಪಿಗೆ ಕೊಟ್ಟಿತು. ಇದು ಇಸ್ರೇಲ್ ದೇಶದವರು ಹವಳದಿಂದ ಮಾಡಿದ ಸಣ್ಣ ಬಿರಡೆ. ಮಂಡಿಯೊಳಗಿನ ಮೆದು ಮೂಳೆ ಕಿತ್ತುಹೋದ ಜಾಗಕ್ಕೆ ಇಡಲು.

ಒಳಗೆ ಇಟ್ಟ ಮೇಲೆ ಏನಾಗುತ್ತದೆ?

ಕಡಲಿನಿಂದ ತಂದ ಹವಳವನ್ನು ಹಾಗೇ ಇಡುವುದಿಲ್ಲ. ಅದರೊಳಗಿನ ಸತ್ತ ಪ್ರಾಣಿಯ ಅಂಶವನ್ನೆಲ್ಲ ಔಷಧಿ ನೀರಿನಲ್ಲಿ ತೊಳೆದು ತೆಗೆಯುತ್ತಾರೆ. ತುಂಡು ಮಾಡುತ್ತಾರೆ. ಒಂದು ರೋಗಾಣುವೂ ಉಳಿಯದ ಹಾಗೆ ಶುದ್ಧ ಮಾಡುತ್ತಾರೆ. ಆಮೇಲೆ ಗುಂಡಿಗೆ ತುಂಬುತ್ತಾರೆ. ಮೂಳೆ ಅಲುಗದಂತೆ ಪ್ಲೇಟು, ಸ್ಕ್ರೂ ಹಾಕುತ್ತಾರೆ.

ಹೀರೆ ಬಳ್ಳಿಗೆ ನಾವು ಚಪ್ಪರ ಹಾಕುತ್ತೇವೆ. ಬಳ್ಳಿ ಚಪ್ಪರ ಹಿಡಿದು ಹಬ್ಬುತ್ತದೆ. ಹಾಗೇ ಪಕ್ಕದ ಜೀವಂತ ಮೂಳೆ ಹವಳದ ತೂತುಗಳಲ್ಲಿ ಹಬ್ಬುತ್ತದೆ. ಹವಳ ಇಲ್ಲಿ ಚಪ್ಪರ. ಬಳ್ಳಿ ನಮ್ಮ ಮೂಳೆಯೇ.

ಮುಂದೆ ಇನ್ನೊಂದು ಕೆಲಸ ನಡೆಯುತ್ತದೆ. ಗೋಡೆ ಕೆಡವುವ ಜೀವಕಣಗಳು ಇವೆ ಅಂದೆವಲ್ಲ? ಅವು ಹವಳವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತವೆ. ಕರಗಿದ ಜಾಗಕ್ಕೆ ಹೊಸ ಮೂಳೆ ಬರುತ್ತದೆ. ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಹಾಕ್ತಾರೆ. ತಾರಸಿ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಇಲ್ಲಿ ಬಿಚ್ಚಲು ಇನ್ನೊಂದು ಆಪರೇಷನ್ ಬೇಡ. ಮೈಯೇ ಅದನ್ನು ಬಿಚ್ಚಿಕೊಳ್ಳುತ್ತದೆ. ಇದಕ್ಕೆ ತಿಂಗಳುಗಳು ಬೇಕು, ಕೆಲವು ಸಲ ವರ್ಷಗಳೇ ಬೇಕು. ಬೇಯಿಸಿ ಬದಲಿಸಿದ ಹವಳ ಇನ್ನೂ ನಿಧಾನ. ಅದು ಬಹಳ ವರ್ಷ ಒಳಗೇ ಉಳಿಯುತ್ತದೆ.

ಹವಳ ಮಾಡಲಾರದ ಕೆಲಸ

ಹವಳ ಮಂತ್ರದ ಕಡ್ಡಿ ಅಲ್ಲ. ಅದರಲ್ಲಿ ಜೀವ ಇಲ್ಲ. ತಾನಾಗಿ ಮೂಳೆ ಹುಟ್ಟಿಸಲು ಅದಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಆರೋಗ್ಯವಾದ ಮೂಳೆ ಇರಬೇಕು, ರಕ್ತ ಹರಿಯುತ್ತಿರಬೇಕು. ಬಳ್ಳಿಯೇ ಇಲ್ಲದಿದ್ದರೆ ಚಪ್ಪರ ಹಾಕಿ ಏನು ಬಂತು?

ಗುಂಡಿ ಬಹಳ ದೊಡ್ಡದಾದರೆ ಹವಳ ಒಂದೇ ಸಾಲದು. ರೋಗಿಯ ಸ್ವಂತ ಮೂಳೆಯನ್ನೋ, ಮೂಳೆಯೊಳಗಿನ ಮಜ್ಜೆಯನ್ನೋ ಸೇರಿಸಬೇಕಾಗುತ್ತದೆ. ಹವಳ ಒತ್ತಿದರೆ ಪುಡಿಯಾಗುವ ಪದಾರ್ಥ. ಮೈಭಾರ ಹೊರುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಪ್ಲೇಟು, ಸ್ಕ್ರೂ ಬೇಕು. ಕೀವು ತುಂಬಿದ ಜಾಗಕ್ಕೆ ಇಡಬಾರದು. ಕೆಲವು ಸಲ ಹೊಸ ಮೂಳೆ ಬರುವ ಮೊದಲೇ ಹವಳ ಕರಗಿಹೋಗುವುದೂ ಉಂಟು. ಆಗ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ.

ತಪ್ಪು ತಿಳಿಯಬೇಡಿ

ಹವಳ ಕೊರಳಲ್ಲಿ ಹಾಕಿಕೊಂಡರೆ ಮೂಳೆ ಕೂಡುವುದಿಲ್ಲ. ಚೆಂದಕ್ಕೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಹವಳದ ಪುಡಿ ನುಂಗಿದರೂ ಅದು ಮೂಳೆಯ ಗುಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲೇ ಕರಗುತ್ತದೆ. ಹವಳವೂ ಸುಣ್ಣವೂ ಒಂದೇ ಅಂತ ಗಾಯಕ್ಕೆ ಸುಣ್ಣ ಮೆತ್ತಬೇಡಿ. ಸುಟ್ಟ ಸುಣ್ಣ ಚರ್ಮವನ್ನು ಸುಡುತ್ತದೆ.

ಮೂಳೆ ಗಟ್ಟಿ ಇರಬೇಕಾದರೆ ನಮ್ಮ ಅಡುಗೆ ಮನೆಯಲ್ಲೇ ದಾರಿ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಸೊಪ್ಪು, ಎಳ್ಳಿನಲ್ಲೂ ಇದೆ. ಬಿಸಿಲು ಮೈಗೆ ಬೀಳಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಮನೆಯವರಿಗೆಲ್ಲ ಬಡಿಸಿ ಉಳಿದದ್ದು ನಾವು ಉಣ್ಣುವುದು, ಈ ರೂಢಿ ಮೂಳೆಗೆ ಒಳ್ಳೆಯದಲ್ಲ.

ಕಡಲಿಗೂ ನೋವಾಗಬಾರದು

ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿ, ಇಲ್ಲೆಲ್ಲ ಹವಳದ ದಿಬ್ಬಗಳಿವೆ. ಲಕ್ಷದ್ವೀಪ ಪೂರ್ತಿ ಹವಳದ ಮೇಲೆಯೇ ನಿಂತಿದೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಉತ್ತರ ಕನ್ನಡದ ಮುರುಡೇಶ್ವರದ ಎದುರು ನೇತ್ರಾಣಿ ದ್ವೀಪ ಇದೆ. ಅಲ್ಲಿ ನೀರಿನ ಅಡಿಯಲ್ಲೂ ಹವಳ ಇದೆ.

ಹವಳದ ದಿಬ್ಬ ಮೀನುಗಳ ತವರುಮನೆ. ಅಲೆಯ ಹೊಡೆತವನ್ನೂ ತಡೆಯುತ್ತದೆ. ಕಡಲ ನೀರು ಬಿಸಿಯಾದರೆ ಹವಳ ಬಿಳಿಚಿಕೊಂಡು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯುವುದನ್ನು ಒಂದೇ ದಿನದಲ್ಲಿ ಕಿತ್ತರೆ ಮತ್ತೆ ಬರುವುದು ಯಾವಾಗ? ಅದಕ್ಕೇ 2001ರಲ್ಲಿ ದಿಬ್ಬ ಕಟ್ಟುವ ಹವಳವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಹುಲಿ, ಆನೆಗೆ ಇರುವಂತಹ ರಕ್ಷಣೆ ಅದಕ್ಕೂ ಇದೆ. ಅಪ್ಪಣೆ ಇಲ್ಲದೆ ಕೀಳುವುದು ಅಪರಾಧ.

ಹಾಗಾದರೆ ಮೂಳೆಗೆ ಏನು ಮಾಡುವುದು? ವಿಜ್ಞಾನಿಗಳು ಹವಳದಿಂದ ಪಾಠ ಕಲಿತರು. ಹವಳದ ಹಾಗೇ ತೂತುಗಳಿರುವ ಪದಾರ್ಥವನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವಿಜ್ಞಾನಿಗಳೂ ಮೂಳೆಯ ಗುಂಡಿ ತುಂಬುವ ಪದಾರ್ಥ ಮಾಡಿದ್ದಾರೆ. ಇಸ್ರೇಲಿನಲ್ಲಿ ತೊಟ್ಟಿಯಲ್ಲಿ ಹವಳ ಬೆಳೆಸಿ ಮೂಳೆಗೆ ಬಳಸುವ ಕೆಲಸವೂ ನಡೆದಿದೆ. ಕಡಲೂ ಉಳಿಯಬೇಕು, ಕಾಲೂ ಉಳಿಯಬೇಕು.

ಸಹಿ ಹಾಕುವ ಮೊದಲು

ಮೂಳೆಗೆ ಪೆಟ್ಟಾದರೆ ಮೊದಲು ಎಕ್ಸ್‌ರೇ ತೆಗೆಸಬೇಕು. ಒಳಗೆ ಕುಸಿದದ್ದು ಕೈಯಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಬಿಗಿಯಾಗಿ ಪಟ್ಟು ಕಟ್ಟಿಸಿ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್‌ಗೆ ಮೊದಲು ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ಹಿಂದೆ ನಾವು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಿದ್ದೆವು. ಅಥವಾ ಗಂಡಸರು ಸಹಿ ಹಾಕಿಬಿಡುತ್ತಿದ್ದರು. ಈಗ ಓದಲು ಬರುತ್ತದೆ. ಓದೋಣ. ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿ ಅಂತ ಕೇಳೋಣ. 2008ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಹೆಣ್ಣುಮಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆ ಮಾತ್ರ ಆಕೆ ಒಪ್ಪಿದ್ದಳು. ಆಕೆಯನ್ನು ಕೇಳದೆ ಗರ್ಭಕೋಶ ತೆಗೆದಿದ್ದರು. ರೋಗಿಗೆ ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕು ಅಂತ ಕೋರ್ಟು ಸಾರಿ ಹೇಳಿತು.

ಡಾಕ್ಟರನ್ನು ನಾವು ಹೀಗೆ ಕೇಳಬಹುದು:

ಡಾಕ್ಟರೇ, ನನ್ನ ಮೂಳೆಯಲ್ಲಿ ಗುಂಡಿ ಇದೆಯಾ? ಎಕ್ಸ್‌ರೇಯಲ್ಲಿ ತೋರಿಸ್ತೀರಾ?

ಅದಕ್ಕೆ ಏನು ತುಂಬ್ತೀರಿ? ನನ್ನದೇ ಮೂಳೆಯಾ, ದಾನದ್ದಾ, ತಯಾರಿಸಿದ್ದಾ?

ಅದು ಕರಗುತ್ತದೆಯಾ, ಒಳಗೇ ಉಳಿಯುತ್ತದೆಯಾ?

ಖರ್ಚು ಎಷ್ಟು? ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆಯಾ?

ಯಾವಾಗ ಕಾಲೂರಬಹುದು? ಯಾವಾಗ ನೀರು ಹೊರಬಹುದು?

ಕೇಳಿದರೆ ಡಾಕ್ಟರು ಬೈತಾರೆ ಅಂತ ಹೆದರಬೇಡಿ. ಕೇಳುವುದು ಅಗೌರವ ಅಲ್ಲ. ಡಾಕ್ಟರು ಹೇಳಿದಷ್ಟು ದಿನ ಕಾಲಿಗೆ ಭಾರ ಕೊಡಬೇಡಿ. ಬೀಡಿ ಸೇದುವ ಅಭ್ಯಾಸ ಇದ್ದರೆ ಬಿಡಬೇಕು. ಹೊಗೆಯಿಂದ ಮೂಳೆ ಕೂಡುವುದು ತಡವಾಗುತ್ತದೆ. ಮನೆ ಕೆಲಸ ಯಾರು ಮಾಡ್ತಾರೆ ಅಂತ ಬೇಗ ಎದ್ದು ಓಡಾಡಿದರೆ ಎತ್ತಿ ನಿಲ್ಲಿಸಿದ ಚಪ್ಪಡಿ ಮತ್ತೆ ಕುಸಿಯುತ್ತದೆ. ಆ ದಿನಗಳಲ್ಲಿ ಒಲೆ ಹಚ್ಚುವುದು, ನೀರು ತರುವುದು ಮನೆಯವರೆಲ್ಲರ ಕೆಲಸ.

ಕೂಡಿ ಮಾತಾಡೋಣ

1. ಹವಳ ಕಲ್ಲೇ, ಗಿಡವೇ, ಪ್ರಾಣಿಯೇ?

2. ಹವಳವನ್ನು ಚಪ್ಪರಕ್ಕೆ ಹೋಲಿಸಿದ್ದು ಯಾಕೆ?

3. ನಿಮ್ಮ ಊರಿನಲ್ಲಿ ಕಾಲು ಮುರಿದವರು ಮೊದಲು ಎಲ್ಲಿಗೆ ಹೋಗುತ್ತಾರೆ? ಎಕ್ಸ್‌ರೇ ಎಲ್ಲಿ ತೆಗೆಯುತ್ತಾರೆ?

4. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದೆಯೇ? ಒಪ್ಪಿಗೆ ಪತ್ರವನ್ನು ಯಾರು ಓದಿದರು? ಯಾರು ಸಹಿ ಹಾಕಿದರು?